ಅಪ್ಪನ ಬಂದೂಕಿಗೊಂದು ಸ್ಕೋಪು

ನಮ್ಮಮ್ಮನಿಗೆ ಸವತಿ ಅಂತ ಯಾರಾದರೂ ಇದ್ದರೆ ಅದು ಅಪ್ಪನ ಪಾಯಿಂಟ್ ಟೂ ಟೂ ರೈಫಲ್ಲು. ಇದು ನಾನು ಕಟ್ಟಿದ ಮಾತಲ್ಲ, ಶಿಡ್ಲಘಟ್ಟದ ನೆಂಟರ ಮುಂದೆಲ್ಲ ಅಮ್ಮನೇ ಹೇಳಿಕೊಂಡು ಬಂದಿರುವುದು. ನೋಡಿದರೆ ಅದೊಂದು ಬಡಪಾಯಿ ಬಂದೂಕು. ಗುಂಡು ಕಿರುಬೆರಳಿಗಿಂತ ಸಣ್ಣದು, ಸದ್ದು ಒಣಕಡ್ಡಿ ಮುರಿದಷ್ಟು. ತಾತ ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಮಾಡಿಸಿದ್ದು, ಅಪ್ಪನ ಕೈಗೆ ಬಂದ ಮೇಲೆ ಅದು ಕಾಗದದ ಗುರಿ ಬಿಟ್ಟು ಬೇರೇನನ್ನೂ ಕೊಂದಿಲ್ಲ. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಆಗ ನೋಡಬೇಕು ಅಮ್ಮನ ಮುಖದ ಕಳೆಯನ್ನು! ಬೀರುವಿನ ಖಾಲಿ ಖಾನೆಗೆ ತನ್ನ ರೇಷ್ಮೆ ಸೀರೆ ಜೋಡಿಸಿಟ್ಟುಕೊಳ್ಳುತ್ತಾಳೆ. ಓಟು ಎಣಿಸಿ ಮುಗಿದರೆ ಸೀರೆ ಕೆಳಗೆ, ಸವತಿ ಒಳಗೆ.

ಅಪ್ಪನ ಕಣ್ಣಿನ ಪೊರೆ ತೆಗೆಸಿದ ಮೇಲೆ ಅಮ್ಮನಿಗೆ ಹೊಸ ಬಲ ಬಂತು. ಅಪ್ಪನಿಗೆ ದೂರದ್ದು ಕಾಣುತ್ತಿತ್ತು, ಆದರೆ ನಳಿಕೆಯ ತುದಿಯ ಸಣ್ಣ ಕಡ್ಡಿ ಮಾತ್ರ ಮಸುಕು. ಆ ಕಡ್ಡಿ ಕಾಣದೆ ಗುರಿ ಹಿಡಿಯುವುದಾದರೂ ಹೇಗೆ? ಇದನ್ನು ಅಪ್ಪ ಒಪ್ಪಬೇಕಲ್ಲ! "ಕಡ್ಡಿ ಸವೆದೋಗಿದೆ" ಎನ್ನುತ್ತಿದ್ದರು. ಕಬ್ಬಿಣದ ಕಡ್ಡಿ, ಅರ್ಧ ಶತಮಾನದಿಂದ ಸವೆಯದೇ ಇದ್ದದ್ದು, ಆಪರೇಷನ್ ಆದ ವಾರವೇ ಸವೆಯಿತಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು.

ಇದರ ಮಧ್ಯೆ ನನ್ನ ಕಷ್ಟ ಯಾರಿಗೆ ಹೇಳಲಿ? ನನ್ನನ್ನು ಕೊಟ್ಟಿರುವುದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ. ನನ್ನ ಮಾವ, ಅಂದರೆ ಗಂಡನ ಅಪ್ಪ, ಇಂಥದ್ದೇ ಇನ್ನೊಂದು ಬಂದೂಕಿನ ಯಜಮಾನರು. ಬೀಗರಿಬ್ಬರೂ ಒಂದೇ ಕ್ಲಬ್ಬಿನ ಮೆಂಬರುಗಳು. ಪೆರೇಸಂದ್ರ ದಾಟಿದ ಮೇಲೆ ಒಂದು ಹಳೇ ಕಲ್ಲುಕ್ವಾರಿಯಿದೆ, ಅಲ್ಲಿ ವರ್ಷಕ್ಕೊಮ್ಮೆ ಹಿರಿಯರ ಪಂದ್ಯ ನಡೆಯುತ್ತದೆ. ಹೋದ ಸಲ ಮಾವ ಗೆದ್ದರು. ಬಹುಮಾನದ ಕಪ್ಪು ಹಿಡಿದುಕೊಂಡು ಅಪ್ಪನಿಗೆ, "ಬೀಗರೇ, ನಿಮ್ಮ ಆಶೀರ್ವಾದ" ಎಂದು ಕೈಮುಗಿದರು. ಬೀಗರಿಗೆ ಎದುರು ಮಾತಾಡುವ ಹಾಗಿಲ್ಲ, ಮುಖ ಗಂಟಿಕ್ಕುವ ಹಾಗೂ ಇಲ್ಲ. ಅಪ್ಪ ನಗುನಗುತ್ತಾ ಹಾರ ಹಾಕಿದರು. ಮನೆಗೆ ಬಂದು ಎರಡು ದಿನ ಊಟ ಬಿಟ್ಟರು.

ಊಟ ಬಿಟ್ಟವರ ಮುಂದೆ ಅಮ್ಮ ತಟ್ಟೆ ಇಟ್ಟು ನೇರವಾಗಿ ಕೇಳಿದಳು. "ಕಣ್ಣು ಕಾಣ್ದೋರ ಕೈಲಿ ಬಂದೂಕು ಯಾಕೆ? ಯಾರಿಗಾದ್ರೂ ಬಿದ್ರೆ ಏನ್ ಗತಿ? ಕೊಟ್ಬಿಟ್ಟು ಬನ್ನಿ ಅತ್ಲಾಗೆ."

"ಮುಂದಿನ ಸಲಾನೂ ಬೀಗರ ಕೈಲಿ ಸೋತ್ರೆ ನಾನೇ ಹೋಗಿ ಒಪ್ಪಿಸಿ ಲೈಸೆನ್ಸ್ ಕ್ಯಾನ್ಸಲ್ ಮಾಡಿಸ್ಕೊಂಡು ಬರ್ತೀನಿ. ಸಾಕಾ?" ಎಂದರು ಅಪ್ಪ.

"ಸಾಕು. ಮಗಳು ಸಾಕ್ಷಿ," ಎಂದಳು ಅಮ್ಮ.

ಅವಳಿಗೇನೋ ಖುಷಿ, ನನಗೆ ಅಪ್ಪನದೇ ಚಿಂತೆ. ಅಪ್ಪ ರೇಷ್ಮೆಗೂಡಿನಿಂದ ನೂಲು ಬಿಚ್ಚಿಸುವ ಕೆಲಸ ಮಾಡಿದವರು. ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ ಒಂದು ಹಿಡಿ ಗೂಡೆತ್ತಿ ನೋಡಿದರೆ ಪಕ್ಕದವರು ಹರಾಜು ಕೂಗುವುದನ್ನು ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು. ಈಗ ಫೋನಿನಲ್ಲಿ ಯಾರ ಹೆಸರು ಬಂತೆಂದು ಮೊಮ್ಮಕ್ಕಳನ್ನು ಕೇಳುತ್ತಾರೆ. ಬಂದೂಕೂ ಹೋದರೆ ಇವರು ಜಗುಲಿಯ ಕುರ್ಚಿಗೆ ಅಂಟಿಕೊಂಡುಬಿಡುತ್ತಾರೆ ಎಂದು ನನಗೆ ನಿಜವಾಗಿ ಭಯವಾಯಿತು. ಹಿರಿಯರ ಪಂದ್ಯದಲ್ಲಿ ಬಂದೂಕಿನ ಮೇಲೆ ಸ್ಕೋಪು, ಅಂದರೆ ದುರ್ಬೀನು, ಹಾಕಿಕೊಳ್ಳಲು ಅನುಮತಿಯಿತ್ತು. ಸ್ಕೋಪಿದ್ದರೆ ಆ ಕಡ್ಡಿಯನ್ನು ನೋಡುವ ಗೋಜೇ ಇಲ್ಲ. ನಾನು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿ ನಾಲ್ಕು ಗುಂಡು ಹೊಡೆದವಳು, ಅಷ್ಟು ಗೊತ್ತಿತ್ತು.

ಬೆಂಗಳೂರಿನ ಬಂದೂಕಿನ ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಅಂಗಡಿಯಾತ ಒಳ್ಳೆಯವನು, ತಾಳ್ಮೆಯಿಂದ ವಿವರಿಸಿದ. ಸಣ್ಣ ಬಂದೂಕಿಗೆ ಭಾರಿ ಸ್ಕೋಪು ಬೇಡ, ಐವತ್ತು ಮೀಟರಿಗೆ ಹೊಂದಿಸಿದ್ದು ಸಾಕು, ಗಾಜು ತಿಳಿಯಾಗಿರಬೇಕು, ಜಾಸ್ತಿ ಹತ್ತಿರಕ್ಕೆ ಎಳೆದರೆ ಕಾಣುವ ಜಾಗ ಚಿಕ್ಕದಾಗುತ್ತದೆ ಎಂದೆಲ್ಲ ಹೇಳಿದ. ಅಪ್ಪ "ಹೂಂ ಹೂಂ" ಎಂದರು. ಆಮೇಲೆ ಒಂದೊಂದೇ ಸ್ಕೋಪನ್ನು ಎತ್ತಿ, ಕಣ್ಣಿಗೆ ಹಿಡಿಯುವುದು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಅಂಗಡಿಯಾತ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಗೂಡು ಕೊಳ್ಳುವವರು ಹಾಗೇ ನೋಡುವುದು. ಅಲ್ಲಾಡಿಸಿದಾಗ ಒಳಗಿನ ಹುಳ ಗಳಗಳ ಎಂದರೆ ಗೂಡು ಗಟ್ಟಿ. ಸದ್ದು ಬರದಿದ್ದರೆ ಹುಳ ಒಳಗೇ ಸತ್ತು ಕರಗಿ ಅಂಟಿಕೊಂಡಿದೆ, ನೂಲು ಬರುವುದಿಲ್ಲ.

"ಇದೂ ಸತ್ತಿದೆ, ಇದೂ ಸತ್ತಿದೆ" ಎನ್ನುತ್ತಾ ಅಪ್ಪ ಒಳ್ಳೊಳ್ಳೆಯ ಸ್ಕೋಪುಗಳನ್ನೆಲ್ಲ ಪಕ್ಕಕ್ಕಿಟ್ಟರು. ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ಎತ್ತಿ ಅಲ್ಲಾಡಿಸಿದರು. ಗಳಗಳ! ಅಪ್ಪನ ಮುಖ ಅರಳಿತು. "ಇದು ನೋಡಮ್ಮ ಜೀವ ಇರೋದು!"

"ಸಾರ್, ಅದು ರಿಪೇರಿಗೆ ಬಂದಿರೋದು. ಒಳಗೆ ಗಾಜು ಸಡಿಲ ಆಗಿದೆ."

"ಏಮಪ್ಪ, ನನಗೇ ಹೇಳಿಕೊಡ್ತೀಯಾ? ಒಳ್ಳೇ ಮಾಲು ಬಚ್ಚಿಟ್ಟುಕೊಂಡು ರಿಪೇರಿ ಅನ್ನೋದು ನಮ್ಮ ಮಾರ್ಕೆಟ್ಟಲ್ಲೂ ಇದೆ. ಇದನ್ನೇ ಕಟ್ಟು."

ಹೇಳೋರಿಗೆ ಹೇಳಿದ್ದಾಯಿತು, ಕೇಳೋರು ಬೇಕಲ್ಲ! ಅಪ್ಪ ಪಕ್ಕದ ಹೋಟೆಲಿಗೆ ಕಾಫಿಗೆ ಹೋದ ಗಳಿಗೆಯಲ್ಲಿ ನಾನೂ ಅಂಗಡಿಯಾತನೂ ಕಳ್ಳರ ಹಾಗೆ ಕೆಲಸ ಮುಗಿಸಿದೆವು. ಅದೇ ಮಾದರಿಯ, ಅದೇ ಬಣ್ಣದ, ಸದ್ದಿಲ್ಲದ ಒಳ್ಳೆಯ ಸ್ಕೋಪನ್ನು ಡಬ್ಬಿಗೆ ಹಾಕಿ ಟೇಪು ಸುತ್ತಿಸಿದೆ. ದಾರಿಯಲ್ಲಿ ಅಪ್ಪ ತೆಗೆಯಲು ಹೋದಾಗ, "ದೇವರ ಮುಂದೆ ಇಡದೆ ಹೊಸ ವಸ್ತು ಮುಟ್ತಾರೇನಪ್ಪಾ?" ಎಂದು ಗದರಿದೆ. ಮನೆಯಲ್ಲಿ ಕುಂಕುಮ ಇಡುವ ನೆಪದಲ್ಲಿ ದೇವರ ಕೋಣೆಯ ಬಾಗಿಲು ಹಾಕಿಕೊಂಡೆ. ಸ್ಕೋಪಿನ ನೆತ್ತಿಯ ಮೇಲೆ ತಿರುಪು ಮುಚ್ಚಿಕೊಂಡಿರುವ ಒಂದು ಸಣ್ಣ ಟೋಪಿಯಿರುತ್ತದೆ. ಅದನ್ನು ಬಿಚ್ಚಿ ಒಳಗೊಂದು ಮೆಣಸಿನ ಕಾಳು ಹಾಕಿ ಮುಚ್ಚಿದೆ.

ಅಪ್ಪ ಅಲ್ಲಾಡಿಸಿದರು. ಗಳಗಳ. "ಆಹಾ!" ಎಂದರು. ನಾನು ದೇವರಿಗೆ ಇನ್ನೊಂದು ಹೂವಿಟ್ಟೆ.

ಕ್ಲಬ್ಬಿನ ಕೋಚು ಸ್ಕೋಪನ್ನು ಬಂದೂಕಿಗೆ ಕೂರಿಸಿ, ಗುರಿಗೆ ಹೊಂದಿಸಿಕೊಟ್ಟರು. ಟೋಪಿ ತೆಗೆಯುವಾಗ ಕಾಳು ನನ್ನ ಅಂಗೈಯಲ್ಲಿ, ಮುಚ್ಚುವಾಗ ಮತ್ತೆ ಒಳಗೆ. "ಹತ್ತಿರಕ್ಕೆ ಎಳೆಯೋ ಈ ಉಂಗುರ ನಾಲ್ಕರ ಮೇಲಿದೆ, ತಿರುಗಿಸಬೇಡಿ ಸಾರ್" ಎಂದರು ಕೋಚು. ಅಪ್ಪ ಹೊಡೆದರು. ಒಂದರ ಪಕ್ಕ ಒಂದು ಬಿತ್ತು. ಪಂದ್ಯಕ್ಕಿನ್ನೂ ವಾರವಿರುವಾಗಲೇ ಗೆದ್ದಷ್ಟು ಧೈರ್ಯ ಬಂತು ನಮಗಿಬ್ಬರಿಗೂ.

ಪಂದ್ಯದ ದಿನ ಅಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ಬಂದಳು, ಸವತಿಯನ್ನು ಕಳಿಸಿಕೊಡಲು ಬಂದವಳ ಹಾಗೆ. ಅಪ್ಪನ ಮೇಜಿನ ಪಕ್ಕದ್ದೇ ಮಾವನ ಮೇಜು. ಮಾವ ಬಂದವರೇ, "ಬೀಗರೇ, ಹೊಸ ದುರ್ಬೀನು! ನೋಡಬಹುದಾ?" ಎಂದರು. ಬೀಗರು ಕೇಳಿದರೆ ಇಲ್ಲ ಅನ್ನುವುದುಂಟೆ? ಅಪ್ಪ ಪಕ್ಕಕ್ಕೆ ಸರಿದರು. ಮಾವನ ಕೈ ಸುಮ್ಮನಿರುವ ಕೈಯಲ್ಲ. ಅಲ್ಲಿ ಮುಟ್ಟಿ ಇಲ್ಲಿ ಮುಟ್ಟಿ, ಕೊನೆಗೆ ಆ ಟೋಪಿಯನ್ನೇ ತಿರುಗಿಸಿದರು. ಮೆಣಸಿನ ಕಾಳು ಅವರ ಅಂಗೈಗೆ ಬಿತ್ತು.

ಅಪ್ಪ ಆಗ ಗುಂಡು ಎಣಿಸುತ್ತಿದ್ದರು. ಮಾವ ಕಾಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಸ್ಕಂದಗಿರಿ ಬೆಟ್ಟ ಎಲ್ಲಿದೆ ಎಂದು ಹುಡುಕುವವಳ ಹಾಗೆ ದೂರ ನೋಡಿದೆ. ಮಾವ ಟೋಪಿ ಮುಚ್ಚಿ, ಕಾಳನ್ನು ಬಾಯಿಗೆ ಹಾಕಿಕೊಂಡು, ಕಟಕ್ಕೆಂದು ಕಡಿದರು. "ಗಂಟಲಿಗೆ ಒಳ್ಳೇದು" ಎಂದು ನನಗಷ್ಟೇ ಕೇಳುವ ಹಾಗೆ ಹೇಳಿ ತಮ್ಮ ಮೇಜಿಗೆ ಹೋದರು.

ಅಪ್ಪ ಕೂರುವ ಮೊದಲು ಅಭ್ಯಾಸಬಲದಿಂದ ಸ್ಕೋಪಿಗೆ ಕಿವಿಯಿಟ್ಟು ಬಂದೂಕನ್ನು ಸ್ವಲ್ಪ ಅಲುಗಿಸಿದರು. ಸದ್ದಿಲ್ಲ. ಮತ್ತೆ ಅಲುಗಿಸಿದರು. ಬಣ್ಣ ಇಳಿದುಹೋಯಿತು ಮುಖದ್ದು. "ಸತ್ತೋಯ್ತು ಕಣಮ್ಮ!" ಎಂದು ಪಿಸುಗುಟ್ಟಿದರು. ಬೀಗರು ಮುಟ್ಟಿದ ಮೇಲೆ ಹೀಗಾಯಿತೆಂದು ಅವರಿಗೆ ಗೊತ್ತು, ಆದರೆ ಬೀಗರನ್ನು "ಏನು ಮಾಡಿದ್ರಿ?" ಎಂದು ಕೇಳುವ ಹಾಗಿಲ್ಲ. ನಾನು ಬಾಯಿ ಬಿಡುವಷ್ಟರಲ್ಲಿ ರೇಂಜಿನವರು ಸೀಟಿ ಊದಿ ನಮ್ಮನ್ನೆಲ್ಲ ಹಗ್ಗದಾಚೆ ಅಟ್ಟಿದರು. ಅಲ್ಲಿಂದಲೇ ಕಂಡೆ, ಅಪ್ಪನ ಕೈ ಉಂಗುರದ ಮೇಲೆ ಹೋಯಿತು. ಸಾಯುತ್ತಿರುವ ಸ್ಕೋಪಿನಲ್ಲಿ ಉಳಿದಿರುವ ಜೀವವನ್ನೆಲ್ಲ ಹಿಂಡಿ ತೆಗೆಯುವವರ ಹಾಗೆ ಪೂರ್ತಿ ತಿರುಗಿಸಿಬಿಟ್ಟರು.

ಹೊಡೆದರು. ಅಲುಗಾಡದೆ, ಉಸಿರು ಹಿಡಿದು, ಒಂದೊಂದಾಗಿ ಹೊಡೆದರು. ಎದ್ದಾಗ ಮುಖದಲ್ಲಿ ನಗು. "ಬಿತ್ತು ಕಣಮ್ಮ. ಎಲ್ಲಾ ಒಂದೇ ಕಡೆ ಬಿತ್ತು, ಕಣ್ಣಾರೆ ಕಂಡೆ."

ಕಾಗದಗಳು ಬಂದವು. ಅಪ್ಪನ ಕಾಗದ ಮದುವೆಗೆ ತಂದ ಹೊಸ ಪಂಚೆಯಷ್ಟು ಸ್ವಚ್ಛವಾಗಿತ್ತು. ಒಂದೇ ಒಂದು ತೂತಿಲ್ಲ. ಯಾರೋ ಹಿಂದಿನಿಂದ, "ಪಾಪ, ಕಣ್ಣು" ಎಂದರು. ಅಪ್ಪ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು, ಮತ್ತೆ ಕಾಗದ ನೋಡಿದರು. ನನಗೆ ಅಳು ಬಂತು. ಅಮ್ಮ ಚಿತ್ರಾನ್ನದ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಿದ್ದಳು. ಗೆದ್ದವಳ ಮುಖವೇ ಅಲ್ಲ ಅದು.

ಆಗ ಮಾವನ ಕಾಗದ ಬಂತು. ಅದರಲ್ಲಿ ಹೊಡೆದದ್ದಕ್ಕಿಂತ ಜಾಸ್ತಿ ತೂತು! ಅಂಗಳಕ್ಕೆ ರಾಗಿ ಎರಚಿದ ಹಾಗೆ ಸುತ್ತಲೂ ಕೆಲವು, ನಟ್ಟನಡುವೆ ಮಾತ್ರ ಹೆಬ್ಬೆರಳು ತೂರುವಷ್ಟು ದೊಡ್ಡದೊಂದು ಗುಂಡಿ. ಕೋಚು ಹಣೆ ಚಚ್ಚಿಕೊಂಡರು. ಉಂಗುರ ಪೂರ್ತಿ ತಿರುಗಿಸಿದರೆ ಸ್ಕೋಪಿನಲ್ಲಿ ಕಾಗದದ ನಡುವಿನ ಕಪ್ಪು ವೃತ್ತ ಬಿಟ್ಟು ಇನ್ನೇನೂ ಕಾಣುವುದಿಲ್ಲ, ಯಾರ ಕಾಗದವೆಂದು ಹೇಳುವ ಮೇಲಿನ ನಂಬರೂ ಕಾಣುವುದಿಲ್ಲ. ಅಪ್ಪ ಅಷ್ಟೂ ಗುಂಡನ್ನು ಬೀಗರ ಕಾಗದಕ್ಕೆ ಹೊಡೆದಿದ್ದರು.

ಕ್ಲಬ್ಬಿನ ನಿಯಮವನ್ನು ತೀರ್ಪುಗಾರರು ಓದಿದರು. ಪಕ್ಕದವರ ಕಾಗದಕ್ಕೆ ಹೊಡೆದವನಿಗೆ ಸೊನ್ನೆ. ಯಾವ ತೂತು ಯಾರದೆಂದು ಗೊತ್ತಾಗದಿದ್ದರೆ, ಅದರಲ್ಲಿರುವ ಒಳ್ಳೊಳ್ಳೆಯ ತೂತುಗಳೆಲ್ಲ ಕಾಗದದ ಯಜಮಾನನಿಗೆ. ಕಪ್ಪು ಮಾವನಿಗೆ! ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದರೆ ಇದೇ. ಮಾವ ಸಂಕೋಚವೇ ಇಲ್ಲದೆ ಕಪ್ಪು ಎತ್ತಿ ಹಿಡಿದರು. "ಇವತ್ತು ಯಾಕೋ ಕೈ ಚೆನ್ನಾಗಿ ಕೂತಿತ್ತು" ಎಂದು ಬೇರೆ ಅಂದರು.

"ಯಾರ ಕೈ?" ಎಂದಿತು ಒಂದು ಧ್ವನಿ. ನೋಡಿದರೆ ಅಮ್ಮ! ಬೀಗರ ಮುಂದೆ ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ, ಅವತ್ತು ಕಾಗದವನ್ನು ಕಿತ್ತುಕೊಂಡು ಮಾವನ ಮೂಗಿನ ಮುಂದೆ ಹಿಡಿದಳು. "ಸುತ್ತಾ ಚೆಲ್ಲಾಡಿರೋದು ನಿಮ್ದು ಬೀಗರೇ. ಈ ಗುಂಡಿ ಇದೆಯಲ್ಲ, ಇದು ನಮ್ಮೆಜಮಾನ್ರದು. ಕಣ್ಣು ಕಾಣ್ದೋರು ಹೊಡೆದಿರೋದು ನೋಡ್ಕೊಳ್ಳಿ ಚೆನ್ನಾಗಿ!"

"ಸುಮ್ನಿರೇ, ಬೀಗರು ಕಣೇ" ಎಂದು ಅಪ್ಪ ಗದರಿಸಲು ನೋಡಿದರು. ನಗು ತಡೆಯಲಾಗದೆ ಅದೂ ಸರಿಯಾಗಿ ಬರಲಿಲ್ಲ. ಮಾವನೂ ನಕ್ಕರು, ಆದರೆ ಕಪ್ಪನ್ನೇನೂ ಕೆಳಗಿಡಲಿಲ್ಲ.

ಶಿಡ್ಲಘಟ್ಟಕ್ಕೆ ವಾಪಸು ಹೊರಟೆವು. ನಾನು ಕಾರು ಓಡಿಸುತ್ತಿದ್ದೆ, ಅಪ್ಪ ಪಕ್ಕದಲ್ಲಿ, ಅಮ್ಮ ಹಿಂದೆ ಬಂದೂಕಿನ ಚೀಲದ ಜೊತೆ. ಚಿಕ್ಕಬಳ್ಳಾಪುರ ದಾಟಿದ ಮೇಲೆ ಅಪ್ಪ ಮೆಲ್ಲಗೆ ಮಾತು ತೆಗೆದರು.

"ಕಣ್ಣು ಹೋಗಿಲ್ಲ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ಆದ್ರೆ ಮಾತು ಅಂದ್ರೆ ಮಾತು, ಸೋತಿದ್ದೀನಿ. ನಾಳೆ ಸ್ಟೇಷನ್ನಿಗೆ ಕೊಟ್ಟು ಬರ್ತೀನಿ."

ಕನ್ನಡಿಯಲ್ಲಿ ನೋಡಿದೆ. ಅಮ್ಮ ಆ ಚೀಲವನ್ನು ಹಳ್ಳದಿಣ್ಣೆಗೆ ಕುಲುಕದ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಕೊಟ್ಬಿಟ್ಟು, ಮುಂದಿನ ವರ್ಷ ಆ ಕಪ್ಪನ್ನ ಏನು ಪೊರಕೇಲಿ ಹೊಡೆದು ತರ್ತೀರಾ?" ಎಂದಳು.