ಅಕ್ಕೋರ ಪುಕ್ಕ

ನಾನು ಆರನೇ ಇಯತ್ತೆಯಲ್ಲಿದ್ದ ಕಾಲಕ್ಕೆ ನಮ್ಮೂರು ಅವರ್ಸಾದಲ್ಲಿ ಯಾರ ಕೋಳಿ ಯಾರ ಹಿತ್ತಿಲು ಕೆದರಿದರೂ ಯಾರೂ ಕೇಳುತ್ತಿರಲಿಲ್ಲ. ಸಂಜೆಗೆ ಅವು ತಮ್ಮ ತಮ್ಮ ಗೂಡು ಸೇರಿದರೆ ಸಾಕಿತ್ತು. ನಮ್ಮ ಕರಿ ಹೇಂಟೆ ಮಾತ್ರ ಎಲ್ಲೂ ಹೋಗುತ್ತಿರಲಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಉಳಿದ ಕೋಳಿಗಳ ನಡುವೆ ಅದು ಅಡ್ಡಾಡುವುದು ಥೇಟ್ ನಮ್ಮ ಶಾಲೆಯ ಅಕ್ಕೋರು ಪರೀಕ್ಷೆಯ ದಿನ ಸಾಲುಗಳ ಮಧ್ಯೆ ತಿರುಗಿದ ಹಾಗೇ ಇತ್ತು. ಹಾಗಾಗಿ ಅದಕ್ಕೆ ಅಕ್ಕೋರು ಎಂದೇ ಹೆಸರಿಟ್ಟೆ.

"ಕಲ್ಸೋರ ಹೆಸ್ರು ಕೋಳಿಗೆ ಇಡೂದಾ? ನಿಂಗೆ ವಿದ್ಯೆ ಹತ್ತೂದು ಹ್ಯಾಂಗೆ?" ಎಂದು ಅಜ್ಜಿ ಬೈದಳು. ವಾರ ಕಳೆಯುವುದರೊಳಗೆ ಅವಳೂ ಹಾಗೇ ಕರೆಯತೊಡಗಿದಳು.

ಗದ್ದೆ ಕೊಯ್ಲು ಮುಗಿದು, ಅಂಗಳದ ತುಂಬ ಹೊಸ ಹುಲ್ಲಿನ ವಾಸನೆ ಇದ್ದ ದಿನಗಳಲ್ಲಿ ಹುಲ್ಲಿನ ಕುತ್ರಿಯ ಹಿಂದಿನಿಂದ ಮುಂಗುಸಿ ಬಂದು ಅಕ್ಕೋರ ಬೆನ್ನಿಗೆ ಬಾಯಿ ಹಾಕಿತು. ಅಜ್ಜಿ ಅಂಗಳ ಗುಡಿಸುತ್ತಿದ್ದ ಹಿಡಿ ಎಸೆದು ಓಡಿಸುವಷ್ಟರಲ್ಲಿ ಬೆನ್ನಿನಿಂದ ಬಾಲದವರೆಗೆ ಪುಕ್ಕವೆಲ್ಲ ಕಿತ್ತುಹೋಗಿ ಮಾಂಸ ಕಾಣುತ್ತಿತ್ತು. ಕೆಂಪು ಕಂಡರೆ ಉಳಿದ ಕೋಳಿಗಳೂ ಕುಕ್ಕಿ ಕೊಲ್ಲುತ್ತವೆಂದು ಅಜ್ಜಿ ಅದನ್ನು ಬಚ್ಚಲ ಮೂಲೆಯಲ್ಲಿ ಬುಟ್ಟಿ ಕವುಚಿ ಇಟ್ಟಳು. ಆರೈಕೆ ನನ್ನ ಪಾಲಿಗೆ ಬಂತು.

ಮನಸ್ಸಿಟ್ಟು ಮಾಡಿದೆ, ಸುಳ್ಳು ಹೇಳುವುದಿಲ್ಲ. ದಿನಕ್ಕೆರಡು ಸಲ ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ. ಕುಚ್ಚಲಕ್ಕಿ ಅನ್ನ ಕಿವುಚಿ, ಅದಕ್ಕೆ ಒಣ ಶೆಟ್ಲಿಯ ತಲೆಗಳನ್ನು ಪುಡಿ ಮಾಡಿ ಹಾಕಿ ತಿನ್ನಿಸಿದೆ. ಕೈಗಂಟಿದ ಆ ಸೀಗಡಿಯ ವಾಸನೆಗೆ ತರಗತಿಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ದೂರ ಸರಿದು ಕೂತಳು. ಎಂಟನೇ ದಿನಕ್ಕೆ ಅಕ್ಕೋರು ನನ್ನ ಅಂಗೈಯಿಂದಲೇ ಹೆಕ್ಕಿ ತಿಂದಿತು. ಇನ್ನಷ್ಟು ದಿನಕ್ಕೆ ಬೆನ್ನ ಮೇಲೆ ಪೆನ್ಸಿಲ್ ಮೊನೆಯಂಥ ನೀಲಿ ಮುಳ್ಳುಗಳೆದ್ದವು, ಹೊಸ ಪುಕ್ಕ. ಕೋಳಿಯನ್ನು ಎತ್ತಿಕೊಂಡು ಅಜ್ಜಿಯ ಹತ್ತಿರ ಓಡಿದೆ.

"ನಿನ್ನ ಕೈಗುಣ ದೊಡ್ಡದು ಮಗಾ" ಎಂದು ಅಜ್ಜಿ ನನ್ನ ತಲೆ ಸವರಿದಳು. "ಇನ್ನು ಹದ್ನೈದು ದಿವ್ಸಕ್ಕೆ ಪೂರಾ ಬರ್ತದೆ. ಆಮೇಲೆ ಜಟಗಂಗೆ ಕೊಡೂಕೆ ಅಡ್ಡಿಲ್ಲ."

ಆ ಮಳೆಗಾಲ ಅಪ್ಪನಿಗೆ ಕಾಮಾಲೆಯಾದಾಗ, ಗದ್ದೆಯಂಚಿನ ಜಟಗ ದೇವರಿಗೆ ಈ ಕರಿ ಕೋಳಿಯನ್ನೇ ಅವಳು ಹರಕೆ ಹೊತ್ತಿದ್ದಳಂತೆ. ನನಗೆ ತಿಳಿದದ್ದು ಆಗಲೇ.

"ಹೀಗೇ ಕೊಟ್ರೆ ಆಗೂದಿಲ್ವಾ?" ಎಂದು ಕೇಳಿದೆ.

"ಛೇ, ಹರಕೆ ಕೋಳಿಗೆ ಒಂದು ಪುಕ್ಕನೂ ಕಮ್ಮಿ ಇರೂಕಾಗ."

ಮರುದಿನ ಶಾಲೆಯಿಂದ ಬಂದವಳೇ ಎಡಗೈಯಲ್ಲಿ ಶೆಟ್ಲಿ ಹಿಡಿದೆ, ಬಲಗೈಯಲ್ಲಿ ಒಂದು ಮುಳ್ಳು ಕಿತ್ತೆ. ಎಳೇ ಪುಕ್ಕದ ಒಳಗೆ ರಕ್ತವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೋಳಿ ಕಿರುಚಿತು. ಅದೇ ಕೈಯಿಂದ ಅರಿಶಿನ ಒತ್ತಿದೆ. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ದಿನಕ್ಕೆ ಎರಡು, ಮೂರು. ಅದನ್ನು ಉಳಿಸಲಿಕ್ಕೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಬುಟ್ಟಿ ಎತ್ತಿದ ಕೂಡಲೇ ಅದು ಗೋಡೆಗೆ ಒತ್ತಿಕೊಂಡು ನಡುಗುವುದನ್ನು ನೋಡಿಯೂ ಕೈ ಹಾಕುತ್ತಿದ್ದೆನಲ್ಲ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹದಿನೈದು ದಿನ ಹೋಗಿ ತಿಂಗಳಾಯಿತು. ಅಜ್ಜಿ ಕೋಳಿಯ ಬೆನ್ನು ನೋಡಿ ನೋಡಿ ಇಳಿದುಹೋದಳು. ಒಂದು ದಿನ ಒಲೆಯ ಮುಂದೆ ಕೂತು ಅಮ್ಮನಿಗೆ ಹೇಳುತ್ತಿದ್ದಳು: "ಜಟಗಂಗೆ ನಮ್ಮ ಕೋಳಿ ಬ್ಯಾಡಾಯ್ತು. ಹರ್ಕೆ ಹೇಳ್ಕಂಬುವಾಗ್ಲೇ, ಮೊಟ್ಟೆ ಇಡೂ ಕೋಳಿ ಹೋಯ್ತಲ್ಲಾ ಅಂತ ನನ್ನ ಮನ್ಸು ಹಿಂದೆ ಸರೀತು. ಅವಂಗೆ ಗೊತ್ತಾಯ್ತು. ಈಗ ನನ್ನ ಮಗಂಗೆ ಮತ್ತೆ ಏನಾರೂ ಆದ್ರೆ?"

ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಹೇಳಿದರೆ ಬೆನ್ನು ಮುರಿಯುವ ಹಾಗೆ ಪೆಟ್ಟು ಬೀಳುತ್ತಿತ್ತು, ಅಕ್ಕೋರೂ ಹೋಗುತ್ತಿತ್ತು. ಹಾಗೇ ಹಿತ್ತಿಲಿಗೆ ಹೋದೆ.

ಅಜ್ಜಿ ಪಕ್ಕದ ಮನೆಯಿಂದ ಚುಕ್ಕಿ ಕೋಳಿಯೊಂದನ್ನು ತರಿಸಿ ಹರಕೆ ತೀರಿಸಿದಳು. ತಪ್ಪು ಕಾಣಿಕೆಯೆಂದು, ಇನ್ನು ಸಾಯುವವರೆಗೆ ಮೊಟ್ಟೆ ಮುಟ್ಟುವುದಿಲ್ಲವೆಂದು ಜಟಗನ ಮುಂದೆ ಕೈ ಮುಗಿದಳು. ಅನ್ನ ಇಲ್ಲದಿದ್ದರೂ ಮೊಟ್ಟೆ ಸಾರು ಬೇಕೆನ್ನುತ್ತಿದ್ದ ಅಜ್ಜಿ! ಆ ಮಧ್ಯಾಹ್ನ ಚುಕ್ಕಿ ಕೋಳಿಯ ಸಾರನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಕೀಳುವುದು ನಿಂತ ಮೇಲೆ ಪುಕ್ಕ ಬೇಗನೆ ತುಂಬಿತು. ಅಕ್ಕೋರು ಇನ್ನೂ ಮೂರು ವರ್ಷ ಬದುಕಿತು. ಎಲ್ಲರ ಕೈಯಿಂದಲೂ ತಿನ್ನುತ್ತಿತ್ತು, ನನ್ನ ನೆರಳು ಕಂಡರೆ ಬಾಳೆಯ ಬುಡಕ್ಕೆ ಓಡುತ್ತಿತ್ತು. "ಇವ್ಳೇ ಬದ್ಕಿಸ್ದೋಳು" ಎಂದು ಅಜ್ಜಿ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು.

ಹಿತ್ತಿಲು ಹೋಯಿತು, ನಾಟಿ ಕೋಳಿ ಹೋಯಿತು ಎಂದು ನನ್ನ ವಾರಗೆಯವರು ಮರುಗುತ್ತಾರೆ. ನಾನು ಕಳಕೊಂಡದ್ದು ಬೇರೆ. ಮೂರು ವರ್ಷದ ಹಿಂದೆ ಅಜ್ಜಿ ಕಾರವಾರದಲ್ಲಿ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಳು. ಶಕ್ತಿ ಬರಲೆಂದು ಡಾಕ್ಟರು ದಿನಕ್ಕೊಂದು ಮೊಟ್ಟೆ ಕೊಡಲು ಹೇಳಿದ್ದರು. ಬೇಯಿಸಿ, ಸುಲಿದು, ಬಿಸಿಬಿಸಿಯಾಗಿ ಬಾಯಿಯ ಹತ್ತಿರ ಹಿಡಿದೆ. ಅವಳು ಮುಖ ತಿರುಗಿಸಿದಳು.

"ಜಟಗಂಗೆ ಮಾತು ಕೊಟ್ಟಿದ್ದೆ ಮಗಾ. ನಿನ್ನಂತಾ ಮನ್ಸು ನಂಗಿದ್ದಿದ್ರೆ ಅವ ನನ್ನ ಕೋಳಿ ಬ್ಯಾಡ ಅಂತಿರ್ಲಿಲ್ಲ."

ಬೇಡ ಅಂದದ್ದು ಜಟಗ ಅಲ್ಲ ಅಜ್ಜಿ, ನಾನು. ಇಷ್ಟು ಹೇಳಿದ್ದರೆ ಬೈಯುತ್ತಿದ್ದಳು, ಅಳುತ್ತಿದ್ದಳು, ಆಮೇಲೆ ಆ ಮೊಟ್ಟೆ ತಿನ್ನುತ್ತಿದ್ದಳು. ಮೂವತ್ತೈದು ದಾಟಿದ ನನಗೆ ಆಗಲೂ ಅವಳ ಕಣ್ಣಿಗೆ ಒಳ್ಳೆಯವಳಾಗಿಯೇ ಇರಬೇಕಿತ್ತು.

"ಆಯ್ತಜ್ಜಿ, ಬಿಡು" ಎಂದು ತಟ್ಟೆ ಎತ್ತಿಕೊಂಡು ಹೋದೆ.