ಕೊಕ್ಕರೆ ಸೇತುವೆ ಮತ್ತು ದೊಡ್ಡಮ್ಮ

ಯಾರನ್ನಾದರೂ ಹಿಡಿದು ನಿಲ್ಲಿಸಬೇಕೆಂದರೆ ದೊಡ್ಡಮ್ಮ ಮೊದಲು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತಿದ್ದರು. ಗಾಜು ಕಚ್ಚಿ ತೋಳಿನಲ್ಲಿ ಕೆಂಪು ಗೆರೆಗಳು ಮೂಡುತ್ತಿದ್ದವು. ಆ ಹಿಡಿತ ಬಿಡಿಸಿಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅವರು ಅಮ್ಮನ ಅಕ್ಕ. ಮನೆ ದಾವಣಗೆರೆ ಪಕ್ಕದ ಬಾತಿ ಊರಿನಲ್ಲಿ, ಸೊಪ್ಪಿನ ಹೊಲ ಹೆದ್ದಾರಿಯ ಆಚೆ. ಕೊಯ್ದ ಸೊಪ್ಪನ್ನು ದಾವಣಗೆರೆಯಲ್ಲಿ ಮಾರಿ, ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಚಹಾ ಕುಡಿದೇ ಮರಳುತ್ತಿದ್ದರು. ಬಲು ಅಂಜುಬುರುಕಿ. ಕುಕ್ಕರ್ ಕೂಗಿದರೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು, ನಾವು ನಗುತ್ತಿದ್ದೆವು. ಹೆದ್ದಾರಿಯ ಭಯಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ. ದೊಡ್ಡಪ್ಪ ಅದನ್ನು ದಾಟುವಾಗಲೇ ಲಾರಿಗೆ ಸಿಕ್ಕಿದ್ದರು.

ಹಾಗಾಗಿ ಊರಿನ ಕಡೆಯಿಂದ ಹೊಲಗಳ ಕಡೆಗೆ ಕಾಲ್ಸೇತುವೆ ಎದ್ದಾಗ ಅವರಷ್ಟು ಹಿಗ್ಗಿದವರಿಲ್ಲ. ರೆಕ್ಕೆ ಬಿಚ್ಚಿದ ಕೊಕ್ಕರೆಯ ಆಕಾರ. ಬಿಳಿ ಉಕ್ಕಿನ ಗರಿಗಳು ನಡೆಯುವವರ ತಲೆಯ ಮೇಲೆ ಚಾಚಿದ್ದವು. ಹರಿಹರದಿಂದಲೂ ಜನ ಫೋಟೋಗೆಂದು ಬರತೊಡಗಿದರು.

"ನಿಮ್ಮ ದೊಡ್ಡಪ್ಪನ ಕಾಲಕ್ಕ ಇದು ಇರಬೇಕಾಗಿತ್ತು ನೋಡವ್ವ" ಎಂದು ಕಂಬಿ ಸವರುತ್ತಿದ್ದರು.

ಒಂದು ಸಂಜೆ ನಾನೂ ನನ್ನ ಪುಟ್ಟ ಮಗಳೂ ಅವರ ಜೊತೆ ಹೋದೆವು. ಗಾಳಿ ಎದ್ದಿತ್ತು. ಸೇತುವೆಯ ನಡುವೆ ಜನ ಕಿಕ್ಕಿರಿದಿದ್ದರು. ಮಗಳು ಫೋಟೋಗೆ ನಿಂತಳು. ದೊಡ್ಡಮ್ಮನ ಮುಖ ಬಿಳಿಚಿತು.

"ಮ್ಯಾಲೆ ಏನೋ ನರಳ್ತೈತೆ. ಕೇಳ್ಸಲ್ಲೇನು?"

ನನಗೆ ಲಾರಿಗಳ ಸದ್ದಷ್ಟೇ ಕೇಳುತ್ತಿತ್ತು. "ಗಾಳಿ, ದೊಡ್ಡಮ್ಮ" ಎಂದೆ.

ಬಳೆಗಳು ಮೇಲೇರಿದವು. ಮಗಳ ರಟ್ಟೆ ಹಿಡಿದು ಮೆಟ್ಟಿಲಿನತ್ತ ಎಳೆಯುತ್ತಾ ಚೀರತೊಡಗಿದರು: "ಇಳೀರಿ! ಎಲ್ರೂ ಇಳೀರಿ! ಫೋಟೋನೂ ಬ್ಯಾಡ, ಏನೂ ಬ್ಯಾಡ!"

ಕೆಲವರು ನಕ್ಕರು. ಒಬ್ಬ ಅವರನ್ನೇ ಮೊಬೈಲಿನಲ್ಲಿ ಹಿಡಿದ. ಆದರೂ ಆ ದನಿಗೆ ಬೆದರಿ, ಬೈಯುತ್ತಲೇ ಎಲ್ಲರೂ ಇಳಿದರು. ಕೆಳಗೆ ನಿಂತು ನೋಡುತ್ತಿದ್ದಂತೆ ಉಕ್ಕಿನ ಗರಿಯೊಂದು ಕಳಚಿ, ಮಗಳು ನಿಂತಿದ್ದ ಜಾಗಕ್ಕೇ ಅಪ್ಪಳಿಸಿತು. ದೊಡ್ಡಮ್ಮ ಆಗಲೂ ಮಗಳ ರಟ್ಟೆ ಬಿಟ್ಟಿರಲಿಲ್ಲ.

ಸೇತುವೆಗೆ ಬೀಗ ಬಿತ್ತು. ದುರಸ್ತಿ ಇವತ್ತು, ನಾಳೆ ಎನ್ನುತ್ತಾ ತಿಂಗಳುಗಳು ಉರುಳಿದವು. ದೊಡ್ಡಮ್ಮ ಮತ್ತೆ ಹೆದ್ದಾರಿ ದಾಟತೊಡಗಿದರು.

"ಹೊಲ ಯಾರಿಗಾದ್ರೂ ಕೊಟ್ಟು ನಮ್ಮ ಜೊತಿಗೇ ಇರ್ರಿ" ಎಂದು ಬೇಡಿಕೊಂಡೆ.

"ಕೈ ಕಟ್ಟಿ ಕುಂತ್ರೆ ನಾ ಉಳಿಯಲ್ಲ. ಹೆದರ್ಕೊಂಡೇ ದಾಟ್ತೀನಿ, ಬಿಡು."

ಮಂಜು ಕವಿದ ಒಂದು ಬೆಳಿಗ್ಗೆ, ಬೀಗ ಹಾಕಿದ ಮೆಟ್ಟಿಲುಗಳ ಪಕ್ಕದಲ್ಲೇ, ಲಾರಿಯೊಂದು ಅವರಿಗೆ ಬಡಿಯಿತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಸ್ತೆಯ ತುಂಬ ಕೊತ್ತಂಬರಿಯ ವಾಸನೆ.

ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಪ್ರತಿ ಹುಟ್ಟುಹಬ್ಬಕ್ಕೂ ಆ ಸೊಪ್ಪಿನ ಹೊಲಕ್ಕೆ ಹೋಗಿ ಒಂದಿಷ್ಟು ಹೊತ್ತು ನಿಂತು ಬರಬೇಕು ಅವಳಿಗೆ. ನಾನು ಬೇಡವೆನ್ನಲಾರೆ. ಸೇತುವೆಯ ಬೀಗ ಇನ್ನೂ ತೆಗೆದಿಲ್ಲ. ಅವಳ ಕೈ ಬಿಗಿಯಾಗಿ ಹಿಡಿದು, ಎರಡೂ ಕಡೆ ನೋಡಿ, ಹೆದ್ದಾರಿಗೆ ಇಳಿಯುತ್ತೇನೆ.