ಓಪನ್ ಹೌಸಿಗೆ ಹೋದ ಈರವ್ವ

ಲಿಟಲ್ ಎಲ್ಮ್ ಊರಿನ ಈರವ್ವ ಶಾಲೆಯ ಕಟ್ಟೆ ಹತ್ತಿದ್ದು ಅಷ್ಟಕ್ಕಷ್ಟೇ. ಆದರೆ ನಾಲ್ಕು ಜನ ಒಂದು ಕಡೆ ಸೇರುವುದಕ್ಕೆ ಈ ಇಂಗ್ಲಿಷಿನವರು ಎಷ್ಟು ಹೆಸರಿಟ್ಟಿದ್ದಾರೋ ಅಷ್ಟೂ ಆಕೆಯ ಸೆರಗಿನ ಗಂಟಿನಲ್ಲಿವೆ. ಪಾಟ್‌ಲಕ್ ಎಂದರೆ ಬುತ್ತಿ ಊಟ. ಅವರವರ ಗಂಟು ಬಿಚ್ಚಿ ಎಲ್ಲರ ಮುಂದಿಡಬೇಕು. ಬೇಬಿ ಶವರ್ ಎಂದರೆ ಕುಬಸ. ಹಸಿರು ಬಳೆ ಒಯ್ಯದಿದ್ದರೆ ಕೂಸಿನ ಅಂಗಿಯನ್ನಾದರೂ ಒಯ್ಯಬೇಕು. ಹೌಸ್‌ವಾರ್ಮಿಂಗ್ ಎಂದರೆ ಮನೆಶಾಂತಿ. ಹೋಮ ಮಾತ್ರ ಇಲ್ಲ, ಹೊಗೆ ಎದ್ದರೆ ಸೂರಿನ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಪ್ಲೇ ಡೇಟ್ ಎಂದರೆ ಮಕ್ಕಳು ಮಣ್ಣಾಡುವುದಕ್ಕೂ ಮುಹೂರ್ತ ಹಚ್ಚುವುದು. ಹ್ಯಾಪಿ ಅವರ್ ಏನೆಂದು ಕೇಳಿದರೆ ಮಾತ್ರ, "ಅದನ್ನ ಗಂಡಸರನ್ನ ಕೇಳ್ರಿ. ಅವರ ತಾಸು ಅವರಿಗೇ ಗೊತ್ತು" ಎನ್ನುತ್ತಾಳೆ.

ಹೂಸ್ಟನ್ನಿನ ಎಣ್ಣೆ ಕಂಪನಿಯಲ್ಲಿ ದುಡಿಯುವ ಪರಿಚಯದ ಹುಡುಗ ನಿಶ್ಚಲನಿಗೆ ಬಾಸ್ ಮನೆಯಿಂದ ಬಾರ್ಬೆಕ್ಯೂಗೆ ಕರೆ ಬಂದರೂ, ಆಸ್ಟಿನ್ನಿನಲ್ಲಿರುವ ಹುಡುಗಿ ಹರ್ಷಿಣಿಗೆ ಗೆಳತಿಯ ಮದುವೆಗೆ ಮುಂಚಿನ ಬ್ರೈಡಲ್ ಶವರಿನ ಕಾರ್ಡು ಬಂದರೂ ಮೊದಲ ಫೋನು ಈರವ್ವನಿಗೇ. ಗಂಡ ಶಿವಪುತ್ರಪ್ಪ, "ಬಾಗಲಕ್ಕ ಒಂದ ಬೋರ್ಡ್ ಹೊಡಸ್ತೀನಿ ತಡಿ, ಈರವ್ವ ವಕೀಲರು ಅಂತ" ಎಂದು ಚುಚ್ಚುತ್ತಾನೆ. ಹೊಟ್ಟೆಕಿಚ್ಚು. ಅವನಿಗೆ ಯಾರೂ ಫೋನು ಮಾಡುವುದಿಲ್ಲ.

ಸೊಸೆ ಸಂಹಿತಾ ಮೈಸೂರಿನ ಹುಡುಗಿ, ಮನೆಯಲ್ಲೇ ಕೂತು ಕಂಪ್ಯೂಟರಿನ ಕೆಲಸ ಮಾಡುವವಳು. ಆ ಬೀದಿಗೆ ಬಂದು ಮೂರು ವರ್ಷವಾಗಿದ್ದರೂ ದೂರದಿಂದ ಕೈ ಬೀಸುವುದು ಬಿಟ್ಟರೆ ಒಬ್ಬರ ಹೊಸ್ತಿಲನ್ನೂ ಅವಳು ತುಳಿದಿರಲಿಲ್ಲ. ಅವಳ ಹೆಸರೇನೆಂದು ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ಎದುರು ಮನೆಯ ಕ್ಯಾರಲ್ ಎಂಬ ಮುದುಕಿ ಬೀದಿಯವರನ್ನೆಲ್ಲ ತನ್ನ ಮನೆಯ ಓಪನ್ ಹೌಸಿಗೆ ಕರೆದಳು. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು.

"ಅತ್ತೆ, ಒಂದು ಸಲ ಎಲ್ಲರನ್ನೂ ಕರೀತಾರೆ. ಎರಡನೇ ಸಲ ಕರೆದ್ರೇನೇ ನಾವು ಈ ಬೀದಿಯವರು ಅಂತ. ಏನೂ ಎಡವಟ್ಟಾಗಬಾರದು" ಎಂದಳು ಸಂಹಿತಾ.

"ನಾ ಇರಬೇಕಾದ್ರ ಯಾಕ ಅಂಜತಿ? ಓಪನ್ ಹೌಸ್ ಅಂದ್ರ ಸಂತಿ ಇದ್ದಂಗ. ಬಾಗಲಾ ತೆಗದ ಇಟ್ಟಿರತಾರ, ಒಬ್ಬರು ಬರತಾರ, ಒಬ್ಬರು ಹೋಗತಾರ."

ಅರ್ಥ ಸರಿಯಾಗಿಯೇ ಇತ್ತು. ಶನಿವಾರ ಮಗ ವಿನಾಯಕ ತನ್ನ ಟೈಲ್ಸ್ ಅಂಗಡಿಗೆ ಹೋದ, ಶಿವಪುತ್ರಪ್ಪ ಟಿವಿಯ ಕ್ರಿಕೆಟ್ಟಿಗೆ ಅಂಟಿಕೊಂಡ. ಅತ್ತೆ ಸೊಸೆ ಇಬ್ಬರೇ ಒಂದು ಡಬ್ಬಿ ಗೋಧಿ ಬೆಲ್ಲದ ಮಾದಲಿ ಹಿಡಿದು ಬೀದಿ ದಾಟಿದರು. ಕ್ಯಾರಲ್ ಮಾದಲಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಸಂಹಿತಾ ನಾಲ್ಕು ಜನರೊಡನೆ ನಕ್ಕು ಮಾತಾಡಿದಳು. ಎಲ್ಲ ಎಣ್ಣೆ ಹಚ್ಚಿದ ಗಾಲಿಯ ಹಾಗೆ ನಡೆದಿತ್ತು.

ನಾಲ್ಕು ಹೊಡೆಯಿತು. ಜನ ಒಬ್ಬೊಬ್ಬರೇ ಎದ್ದು ಹೋದರು. ಈರವ್ವ ಮಾತ್ರ ಸೋಫಾದ ಮೇಲೆ ಮಠದ ಗದ್ದುಗೆ ಏರಿದವಳಂತೆ ಕೂತೇ ಇದ್ದಳು.

"ಅತ್ತೆ, ಏಳೋಣ್ವಾ?"

"ಕುಂಕುಮ ಕೊಡದ ಹೆಂಗ ಏಳೂದು?"

"ಇವರು ಕೊಡಲ್ಲ ಅತ್ತೆ!"

"ಮುತ್ತೈದಿ ಬರೇ ಹಣಿಲೆ ಎದ್ದ ಹೋದ್ರ ಆ ಮನಿಗೆ ಒಳ್ಳೇದಲ್ಲ ಯವ್ವಾ. ಪಾಪ, ಎಷ್ಟ ಪ್ರೀತಿಲೆ ಕರದಾಳ. ಆಕಿ ಮನಿಗೆ ನಾ ಕೇಡ ಬಯಸಲಿ?"

ಕ್ಯಾರಲ್ ಬಂದು, ನೀವು ಬಂದದ್ದು ಬಹಳ ಸಂತೋಷ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅದು ಏಳಿ ಎಂಬ ಸೂಚನೆ. ಈರವ್ವ "ಥ್ಯಾಂಕ್ಯೂ" ಎಂದು ಕಾಲು ಮೇಲಕ್ಕೆತ್ತಿ ಚಕ್ಕಂಬಕ್ಕಳ ಹಾಕಿದಳು. ನಾಳೆ ಚರ್ಚಿಗೆ ಬೇಗ ಏಳಬೇಕು ಎಂದಳು ಕ್ಯಾರಲ್. "ದೇವರಿಗೆ ನಡಕೊಳ್ಳಾಕಿ ನೋಡ, ಭಾಳ ಛಲೋ ಹೆಣ್ಣಮಗಳು" ಎಂದು ಈರವ್ವ ಸೊಸೆಗೆ ಹೇಳಿದಳು. ಕ್ಯಾರಲ್ ಸೋತು ಪಾತ್ರೆ ತೊಳೆಯಲು ನಿಂತರೆ, ಈರವ್ವ ಹೋಗಿ ಪಕ್ಕದಲ್ಲಿ ನಿಂತು ಒರೆಸಿಕೊಟ್ಟಳು. ಒರೆಸಿ ಬಂದು ಮತ್ತೆ ಕೂತಳು. ಕ್ಯಾರಲ್‌ಳ ಗಂಡ ವಾಲ್ಟರ್ ರಾತ್ರಿಯ ಪೈಜಾಮ ತೊಟ್ಟು ಇಣುಕಿ ನೋಡಿ, ಬೆಚ್ಚಿ, ಮೇಲಕ್ಕೆ ಓಡಿದ. ಹೊರಗೆ ದೀಪ ಹತ್ತಿದವು. ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ ಕ್ಯಾರಲ್ ಸೂಪು ಕಾಯಿಸಿದಳು. ಈರವ್ವ ಅದನ್ನೂ ಕುಡಿದಳು.

ಸಂಹಿತಾಳ ಮುಖ ಬಾಡಿದ ಮೆಂತ್ಯೆ ಸೊಪ್ಪಾಗಿತ್ತು. ಎರಡನೇ ಕರೆ ಅಲ್ಲಿಗೆ ಮಣ್ಣುಪಾಲಾಯಿತೆಂದೇ ಅವಳು ತಿಳಿದಳು. ಅಷ್ಟರಲ್ಲಿ ಕ್ಯಾರಲ್ ಅವಳನ್ನು ಅಡುಗೆಮನೆಗೆ ಕರೆದು, ಕೈ ಹಿಡಿದು ಮೆಲ್ಲಗೆ ಕೇಳಿದಳು: ಮನೆಯಲ್ಲಿ ಏನಾದರೂ ಜಗಳವೇ, ಮಗಳೇ? ನಿಮಗೆ ಅಲ್ಲಿಗೆ ಹೋಗಲು ಭಯವೇ? ವಾಲ್ಟರ್ ಮಹಡಿಯಲ್ಲಿ ನಿಮ್ಮಿಬ್ಬರಿಗೂ ಹಾಸಿಗೆ ಹಾಸುತ್ತಿದ್ದಾನೆ.

ಇನ್ನು ಮುಚ್ಚಿಟ್ಟರೆ ಪೊಲೀಸರು ಬರುತ್ತಾರೆ ಎನ್ನಿಸಿ ಸಂಹಿತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಹಣೆಗೆ ಕುಂಕುಮ ಹಚ್ಚದ ಹೊರತು ಅತ್ತೆ ಏಳುವುದಿಲ್ಲ. ಹಾಗೇ ಎದ್ದರೆ ನಿಮ್ಮ ಮನೆಗೆ ಕೆಟ್ಟದಾಗುತ್ತದೆ ಎಂದು ಅವರಿಗೆ ಚಿಂತೆ.

ಕ್ಯಾರಲ್‌ಗೆ ನಗು ಬಂತು ನೋಡಿ, ಸಿಂಕನ್ನು ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಇಷ್ಟು ಹೊತ್ತೂ ನನ್ನ ಮನೆಯನ್ನು ಕಾಯುತ್ತ ಕೂತಿದ್ದರೇ ಎಂದಳು.

ಆ ಮನೆಯಲ್ಲಿ ಕುಂಕುಮ ಎಲ್ಲಿಂದ ಬರಬೇಕು? ಈರವ್ವ ತನ್ನ ಚೀಲದಿಂದ ಡಬ್ಬಿ ತೆಗೆದು ಕ್ಯಾರಲ್‌ಳ ಕೈಗಿಟ್ಟಳು. "ಡಬ್ಬಿ ಯಾರದಾದ್ರ ಏನು, ಕೊಡೂ ಕೈ ಮನಿಯಾಕಿದ ಆಗಬೇಕು." ಕ್ಯಾರಲ್ ಇಬ್ಬರಿಗೂ ಕುಂಕುಮ ಹಚ್ಚಿದಳು. ಈರವ್ವ ಸೆರಗೊಡ್ಡಿದಾಗ ಕೈಗೆ ಸಿಕ್ಕ ಕಿತ್ತಳೆ ಹಣ್ಣೊಂದನ್ನು ಹಾಕಿದಳು. ಹಾಕಿದ್ದೇ ತಡ, ಈರವ್ವ ಹಗ್ಗ ಬಿಚ್ಚಿದ ಕರುವಿನಂತೆ ಎದ್ದು ಬಾಗಿಲಲ್ಲಿದ್ದಳು.

ಹೊಸ್ತಿಲಲ್ಲಿ ಕ್ಯಾರಲ್ ಸಂಹಿತಾಳ ಹೆಸರು ಕೇಳಿದಳು. ತಪ್ಪಾಗಿ ಹೇಳಿ, ತಿದ್ದಿಸಿಕೊಂಡು, ಮತ್ತೆ ಹೇಳಿ, ಇನ್ನೇನೋ ಪಿಸುಗುಟ್ಟಿದಳು.

ಬೀದಿ ದಾಟುವಾಗ ಸಂಹಿತಾ ವಾಲ್ಟರ್ ಹಾಸಿಗೆ ಹಾಸಿದ ಕಥೆ ಹೇಳಿ ಮುಗಿಸಿದೊಡನೆ ಈರವ್ವ ಕೇಳಿದಳು: "ಬಾಗಲದಾಗ ಏನಂದಳ ಆಕಿ?"

"ಗುರುವಾರ ಕಾಫಿಗೆ ಬಾ ಅಂದ್ರು ಅತ್ತೆ. ಬೀದಿಯ ಹೆಂಗಸರು ನಾಲ್ಕೈದು ಜನ ಸೇರ್ತಾರಂತೆ."

"ಇಬ್ಬರನೂ ಕರದಾಳಿಲ್ಲ?"

"ನನ್ನೊಬ್ಬಳನ್ನ."

ಈರವ್ವ ನಡುಬೀದಿಯಲ್ಲಿ ನಿಂತಳು. "ಮಾದಲಿ ಮಾಡಿದಾಕಿ ನಾನು, ಪಾತ್ರಿ ಒರಿಸಿದಾಕಿ ನಾನು, ಕರಿಯೂದು ನಿನ್ನ?"

"ಅತ್ತೆ, ಹಿಂದೆ ಕಾರು ಬಂತು!"

"ನಿಂದ್ರಲಿ ಅದು."

ಕಾರು ನಿಂತಿತು. ಈರವ್ವ ಸೊಸೆಯ ಮುಖವನ್ನು ಕಾರಿನ ಬೆಳಕಿನಲ್ಲಿ ನೋಡಿದಳು. ಆ ಮುಖ ಹಿಗ್ಗನ್ನು ಅಡಗಿಸಿಡಲಾರದೆ ಒದ್ದಾಡುತ್ತಿತ್ತು.

"ಹೋಗಿ ಬಾ ಯವ್ವಾ, ಹೋಗಿ ಬಾ" ಎಂದಳು. "ಆದ್ರ ಕಾಫಿ ಕುಡದ ಕೂಡ್ಲೆ ನೀನ ಎದ್ದ ಬಾ. ಇಲ್ಲಾಂದ್ರ ಆ ಮುದುಕ ಮತ್ತ ಹಾಸಿಗಿ ಹಾಸ್ಯಾನು."